ಹಮಾಲಿ ಲೆಕ್ಕ: 20 ಕಡ್ಡಿಪೆಟ್ಟಿಗೆಗಳಲ್ಲಿ ಪ್ರೊಸೆಸರ್ ಕಲಿಯುವ ಬಗೆ

ನಮ್ಮಪ್ಪ ಕಲಬುರಗಿ ಗಂಜ್‌ನಲ್ಲಿ ಒಂದು ಅಡತಿ ಅಂಗಡಿಯ ಮುನೀಮರಾಗಿದ್ದರು. ತೊಗರಿ ಸುಗ್ಗಿಯಲ್ಲಿ ರಾತ್ರಿ ಹತ್ತಕ್ಕೆ ಮನೆಗೆ ಬಂದರೂ ಕಿವಿಗೆ ಸಿಕ್ಕಿಸಿದ ಪೆನ್ನು ಹಾಗೇ ಇರುತ್ತಿತ್ತು. ಅವರು ಬರೆಯುತ್ತಿದ್ದ ಪಟ್ಟಿಯಲ್ಲಿ ಮೇಲೆ ರೈತನ ಹೆಸರು, ಚೀಲ, ತೂಕ, ದರ. ಕೆಳಗೆ ಕಳೆಯುವ ಬಾಬ್ತುಗಳು. ಅದರಲ್ಲಿ ಒಂದು ಹಮಾಲಿ, ಚೀಲಕ್ಕೆ ಇಷ್ಟು ಅಂತ. ಬಂಡಿಯಿಂದ ಕಟ್ಟೆಗೆ ಇಳಿಸಿದರೆ ಒಂದು ಹಮಾಲಿ, ಕಟ್ಟೆಯಿಂದ ತಕ್ಕಡಿಗೆ ಇಟ್ಟರೆ ಇನ್ನೊಂದು. ಅಪ್ಪ ಕೂಡಿಸಿ, ಗುಣಿಸಿ, ಕಳೆದಿದ್ದಕ್ಕೆ ಮಾತ್ರ ಆ ಪಟ್ಟಿಯಲ್ಲಿ ಒಂದು ಸಾಲೂ ಇರುತ್ತಿರಲಿಲ್ಲ. 'ಲೆಕ್ಕಕ್ಕ ರೊಕ್ಕ ಬೀಳಂಗಿಲ್ಲ, ಎತ್ತಿ ಇಡೂದಕ್ಕ ಬೀಳ್ತದ' ಅಂತ ನಗುತ್ತಿದ್ದರು.

ನಾನು ಇದೇ ಊರಿನಲ್ಲಿ ಡಿಪ್ಲೊಮಾ ಹುಡುಗರಿಗೆ ಕಂಪ್ಯೂಟರ್ ಆರ್ಗನೈಸೇಶನ್ ಪಾಠ ಮಾಡುತ್ತೇನೆ. ಅಪ್ಪನ ಆ ಮಾತೇ ನನ್ನ ವಿಷಯದ ತಿರುಳು ಅಂತ ತಿಳಿಯಲು ನನಗೆ ಎಷ್ಟೋ ವರ್ಷ ಹಿಡಿಯಿತು. ನಾನು ಓದಿದ ಕಾಲೇಜಿನಲ್ಲಿ ಮೇಷ್ಟ್ರು ಬೋರ್ಡ್ ಮೇಲೆ ಮೂರು ಚೌಕ ಬರೆಯುತ್ತಿದ್ದರು. ಒಂದು ಕಂಟ್ರೋಲ್ ಯೂನಿಟ್ (ಏನು ಮಾಡಬೇಕು ಅಂತ ಹೇಳುವ ಭಾಗ), ಒಂದು ಎಎಲ್‌ಯು (ಲೆಕ್ಕ ಮಾಡುವ ಭಾಗ), ಒಂದು ಮೆಮೊರಿ. ನಡುವೆ ಬಾಣದ ಗೆರೆಗಳು. ಸ್ಕೇಲ್ ಹಿಡಿದು ನೀಟಾಗಿ ಬರೆದರೆ 10 ಅಂಕ. ಚೌಕಗಳ ಬಗ್ಗೆ ಎರಡು ಪುಟ ನೋಟ್ಸ್ ಬರೆಸಿದರು. ಬಾಣದ ಬಗ್ಗೆ ಒಂದು ಮಾತೂ ಆಡಲಿಲ್ಲ. ಆ ಬಾಣದ ಮೇಲೆ ಎಷ್ಟು ಹೊತ್ತು ಹೋಗುತ್ತದೆ, ಅದಕ್ಕೆ ಖರ್ಚೆಷ್ಟು ಅಂತ ನಾವೂ ಕೇಳಲಿಲ್ಲ.

ಹಾಗಾಗಿ ನನ್ನ ತರಗತಿಯಲ್ಲಿ ಮೊದಲ ವಾರ ಕಂಪ್ಯೂಟರ್ ಮುಟ್ಟಿಸುವುದಿಲ್ಲ. ಹುಡುಗರೇ ಪ್ರೊಸೆಸರ್ ಆಗಬೇಕು. ಮನೆಯಲ್ಲಿ ನಾಲ್ಕು ಜನ ಇದ್ದರೆ ನೀವೂ ಮಾಡಬಹುದು.

ಏನೇನು ಬೇಕು

20 ಖಾಲಿ ಕಡ್ಡಿಪೆಟ್ಟಿಗೆ, ಎರಡು ಪಾಟಿ, ಬಳಪ, ಒಂದಷ್ಟು ಚೀಟಿ, ಒಂದು ಬೊಗಸೆ ಹುಣಸೆ ಬೀಜ. ಪಾಟಿ ಸಿಗದಿದ್ದರೆ ರಟ್ಟು ನಡೆಯುತ್ತದೆ, ಆದರೆ ಅಳಿಸಿ ಬರೆಯುವ ಮಜಾ ಇರುವುದಿಲ್ಲ.

ಪೆಟ್ಟಿಗೆಗಳಿಗೆ 00ಯಿಂದ 19ರವರೆಗೆ ನಂಬರ್ ಹಾಕಿ. ಅವನ್ನು ಎಲ್ಲಿ ಇಡುತ್ತೀರಿ ಅನ್ನುವುದೇ ಮುಖ್ಯ. ಮೊದಲ ವರ್ಷ ನಾನು ಎಲ್ಲವನ್ನೂ ಒಂದೇ ಟೇಬಲ್ ಮೇಲೆ ಇಟ್ಟು ಪೂರ್ತಿ ಪಾಠ ಕೆಡಿಸಿದೆ. ಕೈ ಚಾಚಿದರೆ ಸಿಗುವ ಪೆಟ್ಟಿಗೆಯಿಂದ ಏನೂ ಕಲಿಯಲು ಆಗುವುದಿಲ್ಲ. ಈಗ ವರಾಂಡದ ಆ ತುದಿಯ ಕಟ್ಟೆ ಮೇಲೆ ಇಡುತ್ತೇನೆ. ಪ್ರೊಸೆಸರ್ ಈ ತುದಿಯಲ್ಲಿ. ನಡುವೆ ಕಡಿಮೆ ಅಂದರೂ ಇಪ್ಪತ್ತು ಹೆಜ್ಜೆ.

ಜನ ನಾಲ್ಕು. ಒಬ್ಬಳು ಮುನೀಮ. ಅವಳ ಪಾಟಿಯ ಮೇಲೆ ಮುಂದೆ ತೆರೆಯಬೇಕಾದ ಪೆಟ್ಟಿಗೆಯ ನಂಬರ್ ಇರುತ್ತದೆ. ಪುಸ್ತಕದಲ್ಲಿ ಇದನ್ನೇ ಪ್ರೋಗ್ರಾಂ ಕೌಂಟರ್ ಅಂತಾರೆ. ಒಬ್ಬ ಲೆಕ್ಕದವನು. ಅವನ ಪಾಟಿಯ ಮೇಲೆ ಒಂದೇ ಒಂದು ಸಂಖ್ಯೆ ಇರಬಹುದು, ಅದು ಅಕ್ಯುಮುಲೇಟರ್. ಒಬ್ಬ ಹಮಾಲ. ಒಂದು ಸಲಕ್ಕೆ ಒಂದೇ ಪೆಟ್ಟಿಗೆಗೆ ಹೋಗಿ ಬರಬೇಕು. ನಾಲ್ಕನೆಯವರು ಸುಮ್ನೆ ಕೂತು, ಹಮಾಲ ಒಂದು ಸಲ ಹೋಗಿ ಬಂದರೆ ಒಂದು ಹುಣಸೆ ಬೀಜ ಎತ್ತಿಡಬೇಕು. ಇದನ್ನು ಸೋಮಾರಿ ಹುಡುಗನಿಗೆ ಕೊಡಬೇಡಿ. ಇಡೀ ಆಟದಲ್ಲಿ ಎಲ್ಲಕ್ಕಿಂತ ದೊಡ್ಡ ಕೆಲಸ ಅದೇ.

ಈ ಆಟದ ಮೂಲ ನನ್ನದಲ್ಲ. 1965ರ ಹೊತ್ತಿಗೆ ಅಮೆರಿಕದ ಎಂಐಟಿಯಲ್ಲಿ ಸ್ಟುವರ್ಟ್ ಮ್ಯಾಡ್ನಿಕ್ ಮಾಡಿದ 'ಲಿಟಲ್ ಮ್ಯಾನ್ ಕಂಪ್ಯೂಟರ್' ಅನ್ನುವ ಮಾದರಿ ಇದೆ, ಸಂಕೇತಗಳನ್ನು ಅಲ್ಲಿಂದಲೇ ತೆಗೆದುಕೊಂಡಿದ್ದೇನೆ. ಹಮಾಲ ಮತ್ತು ಹುಣಸೆ ಬೀಜ ನಮ್ಮ ಕಡೆಯವು.

ಪ್ರತಿ ಪೆಟ್ಟಿಗೆಯಲ್ಲಿ ಮೂರು ಅಂಕಿಯ ಒಂದು ಚೀಟಿ. ಮೊದಲ ಅಂಕಿ ಏನು ಮಾಡಬೇಕು, ಉಳಿದ ಎರಡು ಯಾವ ಪೆಟ್ಟಿಗೆ. 5 ಅಂದರೆ ಆ ಪೆಟ್ಟಿಗೆಯ ಸಂಖ್ಯೆ ತಂದು ಪಾಟಿಗೆ ಬರಿ. 1 ಅಂದರೆ ತಂದು ಕೂಡಿಸು. 2 ಅಂದರೆ ತಂದು ಕಳೆ. 3 ಅಂದರೆ ಪಾಟಿಯ ಸಂಖ್ಯೆಯನ್ನು ಒಯ್ದು ಆ ಪೆಟ್ಟಿಗೆಗೆ ಹಾಕು, ಹಳೇ ಚೀಟಿ ಹರಿದು ಹಾಕು. 6 ಅಂದರೆ ಮುನೀಮಳ ಪಾಟಿಯಲ್ಲಿ ಆ ನಂಬರ್ ಬರಿ, ಅಲ್ಲಿಗೆ ಜಿಗಿ. 7 ಅಂದರೆ ಲೆಕ್ಕದ ಪಾಟಿಯಲ್ಲಿ ಸೊನ್ನೆ ಇದ್ದರೆ ಮಾತ್ರ ಜಿಗಿ. 9 ಅಂದರೆ ಪಾಟಿಯಲ್ಲಿ ಇದ್ದದ್ದನ್ನು ಕೂಗಿ ಹೇಳು. 0 ಅಂದರೆ ನಿಲ್ಲು.

ಮೂರು ಚೀಲದ ತೂಕ

50 ಕಿಲೋದ 3 ಚೀಲ. ಒಟ್ಟು ತೂಕ ಎಷ್ಟು? ನಮ್ಮ ಯಂತ್ರಕ್ಕೆ ಗುಣಾಕಾರ ಬರುವುದಿಲ್ಲ, ಕೂಡಿಸುತ್ತಾ ಹೋಗಬೇಕು. 16ನೇ ಪೆಟ್ಟಿಗೆಯಲ್ಲಿ 1, 17ರಲ್ಲಿ ಚೀಲದ ಎಣಿಕೆ 3, 18ರಲ್ಲಿ 50, 19ರಲ್ಲಿ ಮೊತ್ತಕ್ಕೆ ಅಂತ 0. ಉಳಿದವು ಹೀಗೆ:

00 – 519
01 – 118
02 – 319
03 – 517
04 – 216
05 – 317
06 – 708
07 – 600
08 – 519
09 – 900
10 – 000

ಮುನೀಮ ತನ್ನ ಪಾಟಿ ನೋಡಿ 'ಸೊನ್ನೆ ಸೊನ್ನೆ' ಅಂತಾಳೆ. ಹಮಾಲ ಓಡಿ ಹೋಗಿ ಚೀಟಿ ನೋಡಿ, ನಕಲು ಬರೆದುಕೊಂಡು ಬರುತ್ತಾನೆ: 519. ಒಂದು ಹುಣಸೆ ಬೀಜ. ಮುನೀಮ ತನ್ನ ಪಾಟಿಯನ್ನು 01 ಮಾಡುತ್ತಾಳೆ, ಆಮೇಲೆ ಚೀಟಿ ಓದುತ್ತಾಳೆ: 19ರಲ್ಲಿ ಇದ್ದದ್ದನ್ನು ತಾ. ಹಮಾಲ ಮತ್ತೆ ಓಡುತ್ತಾನೆ. ಇನ್ನೊಂದು ಬೀಜ. ಇಷ್ಟಾದರೂ ಒಂದೇ ಒಂದು ಲೆಕ್ಕ ಆಗಿಲ್ಲ, ಗಮನಿಸಿ.

ಅವಸರ ಮಾಡಬೇಡಿ. ಪೂರ್ತಿ ಆಡಿ. ಕೊನೆಗೆ ಲೆಕ್ಕದವನು 'ನೂರೈವತ್ತು!' ಅಂತ ಕೂಗುತ್ತಾನೆ. ಆಗ ಬೀಜ ಎಣಿಸಿ. 45 ಇರಬೇಕು. ಆದೇಶ, ಅಂದರೆ ಏನು ಮಾಡಬೇಕು ಅನ್ನುವ ಚೀಟಿ, ತರಲು 26 ಸಲ, ಸಂಖ್ಯೆ ತರಲು ಇಡಲು 19 ಸಲ. ಆಮೇಲೆ ಲೆಕ್ಕದವನನ್ನು ಕೇಳಿ, ನೀನು ಎಷ್ಟು ಲೆಕ್ಕ ಮಾಡಿದೆ? ಮೂರು ಸಲ ಕೂಡಿಸಿದ್ದಾನೆ, ಮೂರು ಸಲ ಕಳೆದಿದ್ದಾನೆ. ಬರೀ ಆರು. ಹಮಾಲ ಆ ಹೊತ್ತಿಗೆ ಕಟ್ಟೆ ಮೇಲೆ ಕೂತು ನೀರು ಕುಡಿಯುತ್ತಿರುತ್ತಾನೆ.

ಒಂದು ವರ್ಷ ಚಿತ್ತಾಪುರ ಕಡೆಯ ಹುಡುಗಿಯೊಬ್ಬಳು ಚೀಟಿ ಬರೆಯುವಾಗ 05ನೇ ಪೆಟ್ಟಿಗೆಯಲ್ಲಿ 317ರ ಬದಲು 307 ಬರೆದಳು. ಆಟ ಶುರುವಾಯಿತು. ಒಂದು ಸುತ್ತು ಮುಗಿಯಿತು, ಯಂತ್ರ ನಿಂತೇ ಹೋಯಿತು. ಯಾರೂ ಏನೂ ಕೂಗಲಿಲ್ಲ. 'ಸರ್ರ, ನಿಂತ್ ಬಿಡ್ತ್ರೀ. ತಪ್ಪಂತೂ ಏನೂ ತೋರಿಸ್ಲಿಲ್ಲ' ಅಂದಳು. ನಾನು ಹೇಳಿಕೊಡಲಿಲ್ಲ. ಹುಡುಗರು ಪೆಟ್ಟಿಗೆಗಳನ್ನು ಒಂದೊಂದಾಗಿ ತೆರೆದರು. 07ರಲ್ಲಿ 600 ಇರಬೇಕಿತ್ತು, ಅಲ್ಲಿ 2 ಅಂತ ಇತ್ತು. ಉಳಿದ ಚೀಲದ ಎಣಿಕೆ! ಅದನ್ನು ಹಮಾಲ 17ಕ್ಕೆ ಹಾಕುವ ಬದಲು ಚೀಟಿ ಹೇಳಿದಂತೆ 07ಕ್ಕೆ ಹಾಕಿ, ಅಲ್ಲಿದ್ದ ಆದೇಶವನ್ನು ಹರಿದಿದ್ದ. ಮುಂದೆ ಮುನೀಮ ಆ 2ನ್ನು 002 ಅಂತ ಓದಿದಳು. ಮೊದಲ ಅಂಕಿ ಸೊನ್ನೆ. ಅಂದರೆ ನಿಲ್ಲು.

ಆ ದಿನದ ಪಾಠ ನಾನು ಯೋಚಿಸಿಕೊಂಡು ಬಂದಿದ್ದಕ್ಕಿಂತ ಚೆನ್ನಾಗಿ ಆಯಿತು. ಆದೇಶವೂ ಸಂಖ್ಯೆ, ಸಾಮಾನೂ ಸಂಖ್ಯೆ, ಎರಡೂ ಒಂದೇ ಸಾಲಿನ ಪೆಟ್ಟಿಗೆಗಳಲ್ಲಿ. 1945ರಲ್ಲಿ ಎಡ್ವ್ಯಾಕ್ ಅನ್ನುವ ಆರಂಭದ ಕಾಲದ ಕಂಪ್ಯೂಟರ್ ಬಗ್ಗೆ ಜಾನ್ ವಾನ್ ನ್ಯೂಮನ್ ಬರೆದ ವರದಿಯಲ್ಲಿ ಇದೇ ಏರ್ಪಾಟು ಇದೆ. ನಿಮ್ಮ ಮೊಬೈಲ್ ಇವತ್ತಿಗೂ ಅದನ್ನೇ ನಡೆಸಿಕೊಂಡು ಬಂದಿದೆ. ಪ್ರೋಗ್ರಾಂ ಬದಲಿಸಲು ತಂತಿ ಕಿತ್ತು ಜೋಡಿಸಬೇಕಿಲ್ಲ ಅನ್ನುವ ಸುಖ ಇದರಿಂದ. ಒಂದು ತಪ್ಪು ನಂಬರ್‌ನಿಂದ ಪ್ರೋಗ್ರಾಂ ತನ್ನ ಕಾಲನ್ನೇ ಕಡಿದುಕೊಳ್ಳುವ ಕಷ್ಟವೂ ಇದರಿಂದಲೇ. ನಿಮ್ಮ ಯಂತ್ರದಲ್ಲಿ ಬೇಕಂತಲೇ ಇಂಥ ಒಂದು ತಪ್ಪು ಬರೆದಿಟ್ಟು ಆಡಿಸಿ.

ಈಗ ಹಮಾಲಿ ಉಳಿಸಿ

45 ಬೀಜ ಹುಡುಗರ ಮುಂದೆ ಸುರಿದು, ಇದನ್ನು ಕಡಿಮೆ ಮಾಡಿ ಅಂತ ಬಿಡಿ. ಮೊದಲು ಬರುವ ಉತ್ತರ, 'ಹಮಾಲ ಜೋರಾಗಿ ಓಡಲಿ'. ಓಡಲಿ ಬಿಡಿ, ಬೇಗ ದಣಿಯುತ್ತಾನೆ. ಎರಡನೇ ಉತ್ತರ ಯಾವಾಗಲೂ ಹಮಾಲ ಆಗಿದ್ದವನಿಂದಲೇ ಬರುತ್ತದೆ. 'ಸರ್ರ, ಅದೇ ಐವತ್ತನ್ನ ಎಷ್ಟ್ ಸಲ ತರ್ಲಿರಿ? ಕಿಸೇದಾಗ ಇಟ್ಕೋತೀನಿ.'

ಕಿಸೆಯೇ ರಿಜಿಸ್ಟರ್. ಲೆಕ್ಕದವನಿಗೆ ನಾಲ್ಕು ಕಿಸೆ ಕೊಡಿ, ಅಂದರೆ ಪಾಟಿಯಲ್ಲಿ ನಾಲ್ಕು ಮನೆ. 50, 3, 1 ಇವನ್ನು ಒಂದೊಂದು ಸಲ ತಂದು ಮೂರು ಕಿಸೆಗೆ ಹಾಕಿ. ನಾಲ್ಕನೆಯದರಲ್ಲಿ ಸೊನ್ನೆ ಬರೆಯಿರಿ, ಅದು ಮೊತ್ತ. ಇನ್ನು ಸುತ್ತಿನಲ್ಲಿ ಮೂರೇ ಆದೇಶ: ಮೊತ್ತಕ್ಕೆ 50 ಕೂಡಿಸು, ಎಣಿಕೆಯಲ್ಲಿ 1 ಕಳೆ, ಸೊನ್ನೆ ಆಗದಿದ್ದರೆ ಹಿಂದಕ್ಕೆ ಹೋಗು. ಕೊನೆಗೆ ಕೂಗು, ನಿಲ್ಲು. ಆಡಿ ನೋಡಿ. ಆದೇಶಕ್ಕೆ 15 ಸಲ, ಸಂಖ್ಯೆಗೆ 3 ಸಲ. ಒಟ್ಟು 18 ಬೀಜ.

ಇನ್ನೂ ಉಳಿಸಬಹುದು. ಆ ಮೂರು ಆದೇಶಗಳನ್ನು ಮೊದಲ ಸುತ್ತಿನಲ್ಲಿ ತಂದಾಗಲೇ ಮುನೀಮ ಒಂದು ಚೀಟಿಯಲ್ಲಿ ಬರೆದು ಪಕ್ಕಕ್ಕೆ ಇಟ್ಟುಕೊಳ್ಳಲಿ. ಮುಂದಿನ ಎರಡು ಸುತ್ತಿಗೆ ಆ ಚೀಟಿಯನ್ನೇ ನೋಡಲಿ. ಆರು ಓಡಾಟ ಹೋಯಿತು, ಉಳಿದದ್ದು 12. ಆ ಚೀಟಿಯ ಹೆಸರು ಕ್ಯಾಶ್. ಈ ಉಪಾಯವನ್ನು 1965ರಲ್ಲಿ ಮಾರಿಸ್ ವಿಲ್ಕ್ಸ್ ಒಂದು ಸಣ್ಣ ಬರಹದಲ್ಲಿ ವಿವರಿಸಿದ್ದರು. ಕ್ಯಾಶ್ ಅನ್ನುವ ಹೆಸರು ಆಮೇಲೆ ಬಂತು.

ಲೆಕ್ಕ ಮಾತ್ರ ಅವತ್ತೂ ಆರು, ಈಗಲೂ ಆರು. ಅದರಲ್ಲಿ ಏನೂ ಉಳಿಸಲಿಲ್ಲ. ಉಳಿಸಿದ್ದೆಲ್ಲ ಹಮಾಲಿ.

ಒಂದು ಕಾಲದಲ್ಲಿ ಬಾಣ ಸಸ್ತಾ ಇತ್ತು

ನಮ್ಮ ಲ್ಯಾಬ್‌ನಲ್ಲಿ ಇನ್ನೂ 8085 ಅನ್ನುವ ಹಳೇ ಪ್ರೊಸೆಸರ್‌ನ ಕಲಿಕೆಯ ಕಿಟ್‌ಗಳಿವೆ. ಕೆಲವು ಕೀ ಎರಡು ಸಲ ಒತ್ತಿದರೂ ಏಳುವುದಿಲ್ಲ, ಕೆಲವು ಒಂದು ಸಲ ಒತ್ತಿದರೆ ಎರಡು ಸಲ ಬೀಳುತ್ತವೆ. 1976ರ ಚಿಪ್ಪನ್ನು ಈಗ ಯಾಕೆ ಕಲಿಸುತ್ತೀರಿ ಅಂತ ನಗುವವರು ಬಹಳ. ನಾನು ನಗುವುದಿಲ್ಲ. 3ಇ, 05, 06, 03, 80, 76 ಅಂತ ಆರು ಬೈಟ್ ಒತ್ತಿ, 5ಕ್ಕೆ 3 ಕೂಡಿಸಿ 8 ಬಂದಾಗ ಹುಡುಗರ ಮುಖ ನೋಡಬೇಕು. ಕಡ್ಡಿಪೆಟ್ಟಿಗೆಯಲ್ಲಿ ಆಡಿದವರಿಗೆ 3ಇ ಅಂದರೆ 'ಮುಂದಿನ ಸಂಖ್ಯೆಯನ್ನು ಪಾಟಿಗೆ ಬರಿ' ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಆದರೆ 8085ರಲ್ಲಿ ಬಾಯಿಪಾಠ ಮಾಡಿಸುವುದರ ಬದಲು ಒಂದು ಕೆಲಸ ಮಾಡಿ. ಆದೇಶಗಳ ಪಟ್ಟಿಯಲ್ಲಿ ಟಿ-ಸ್ಟೇಟ್, ಅಂದರೆ ಆ ಆದೇಶ ಮುಗಿಯಲು ಚಿಪ್ಪಿನ ಗಡಿಯಾರದ ಎಷ್ಟು ಟಿಕ್ ಬೇಕು ಅನ್ನುವ ಒಂದು ಕಾಲಂ ಇರುತ್ತದೆ. ಪರೀಕ್ಷೆಗೆ ಬರುವುದಿಲ್ಲ ಅಂತ ಎಲ್ಲರೂ ಅದನ್ನು ಬಿಟ್ಟುಬಿಡುತ್ತಾರೆ. ಅದನ್ನೇ ಓದಿಸಿ. ಕಿಸೆಯಿಂದ ಕೂಡಿಸುವ 'ಆ್ಯಡ್ ಬಿ'ಗೆ 4 ಟಿಕ್. ಮೆಮೊರಿಯಿಂದ ತಂದು ಕೂಡಿಸುವ 'ಆ್ಯಡ್ ಎಂ'ಗೆ 7. ವಿಳಾಸ ಕೊಟ್ಟು ಮೆಮೊರಿಗೆ ಇಟ್ಟು ಬರುವ 'ಎಸ್‌ಟಿಎ'ಗೆ 13. ಹಮಾಲಿ ದರ ಅಲ್ಲೇ ಅಚ್ಚಾಗಿದೆ. ಚಿಪ್ಪಿಗೆ 40 ಕಾಲು, ಅಂದರೆ ಪಿನ್. ಅದರಲ್ಲಿ 8 ಕಾಲುಗಳ ಮೇಲೆ ವಿಳಾಸದ ಅರ್ಧ ಭಾಗವೂ ಹೋಗಬೇಕು, ಸಾಮಾನೂ ಬರಬೇಕು, ಸರದಿಯಲ್ಲಿ. ಕಾಲು ಸಾಲದ್ದಕ್ಕೆ ಮಾಡಿದ ಏರ್ಪಾಟು. ಅಂದರೆ ಬಾಣದ ತೊಂದರೆ ಆಗಲೇ ಶುರುವಾಗಿತ್ತು.

ಆದರೂ ಅಂದಿನ ಅಂತರ 4ಕ್ಕೂ 7ಕ್ಕೂ ಇದ್ದಷ್ಟೇ. ಇಂದಿನ ಮಾತು ಬೇರೆ. 3 ಗಿಗಾಹರ್ಟ್ಸ್ ಪ್ರೊಸೆಸರ್‌ನಲ್ಲಿ ಒಂದು ಟಿಕ್ ಅಂದರೆ ನ್ಯಾನೋಸೆಕೆಂಡಿನ ಮೂರನೇ ಒಂದು ಭಾಗ. ರ್ಯಾಮ್‌ಗೆ ಹೋಗಿ ಬರಲು 100 ನ್ಯಾನೋಸೆಕೆಂಡ್ ಹತ್ತಿರ, ಅಂದರೆ 300 ಟಿಕ್. ತರಗತಿಯಲ್ಲಿ ನಾನು ಒಂದು ಟಿಕ್ಕನ್ನು ಒಂದು ಸೆಕೆಂಡ್ ಅಂತ ಎಳೆದು ತೋರಿಸುತ್ತೇನೆ. ಕಿಸೆಯಿಂದ ತೆಗೆದರೆ ಒಂದು ಸೆಕೆಂಡ್. ಹತ್ತಿರದ ಕ್ಯಾಶ್‌ಗೆ ನಾಲ್ಕೈದು ಸೆಕೆಂಡ್. ರ್ಯಾಮ್‌ಗೆ ಐದು ನಿಮಿಷ, ಹೊರಗೆ ಹೋಗಿ ಚಹಾ ಕುಡಿದು ಬರುವಷ್ಟು. 100 ಮೈಕ್ರೋಸೆಕೆಂಡಿನ ಎಸ್‌ಎಸ್‌ಡಿಗೆ ಮೂರೂವರೆ ದಿನ. 10 ಮಿಲಿಸೆಕೆಂಡಿನ ಹಳೇ ಹಾರ್ಡ್ ಡಿಸ್ಕ್‌ಗೆ 347 ದಿನ. ಈ ಸಲದ ಶರಣಬಸವೇಶ್ವರ ಜಾತ್ರೆಯಲ್ಲಿ ಕೇಳಿದ ಸಾಮಾನು ಬರುವ ವರ್ಷದ ಜಾತ್ರೆ ಹತ್ತಿರ ಬಂದಾಗ ಕೈಗೆ ಸಿಕ್ಕ ಹಾಗೆ.

ಇದನ್ನು ನಂಬಬೇಡಿ, ಮಾಡಿ ನೋಡಿ. ಸಿ ಭಾಷೆಯಲ್ಲಿ 4096 ಸಾಲು, 4096 ಕಾಲಂ ಇರುವ ಪೂರ್ಣಾಂಕಗಳ ಒಂದು ಕೋಷ್ಟಕ ಮಾಡಿ. 64 ಎಂಬಿ ಆಗುತ್ತದೆ. ಫಂಕ್ಷನ್ ಹೊರಗೆ ಬರೆಯಿರಿ, ಇಲ್ಲದಿದ್ದರೆ ಪ್ರೋಗ್ರಾಂ ಬಿದ್ದು ಹೋಗುತ್ತದೆ. ಮೊದಲು ಎಲ್ಲ ಮನೆಗೂ ಏನಾದರೂ ಸಂಖ್ಯೆ ತುಂಬಿ. ಆಮೇಲೆ ಸಾಲು ಹಿಡಿದು ಕೂಡಿಸಿ, ಹೊತ್ತು ಅಳೆಯಿರಿ. ಬಳಿಕ ಒಳಗಿನ ಲೂಪ್ ಹೊರಗೆ, ಹೊರಗಿನದು ಒಳಗೆ ಮಾಡಿ, ಕಾಲಂ ಹಿಡಿದು ಕೂಡಿಸಿ. ಎರಡರಲ್ಲೂ ಕೂಡಿಸುವುದು ಅಷ್ಟೇ ಸಲ, ಮೊತ್ತವೂ ಅದೇ. ಎರಡನೆಯದು ಹಲವು ಪಟ್ಟು ನಿಧಾನ. ಯಾಕೆಂದರೆ ಹಮಾಲ ಒಂದು ಸಲ ಹೋದರೆ ಅಕ್ಕಪಕ್ಕದ 64 ಬೈಟ್ ಒಟ್ಟಿಗೆ ಹೊತ್ತು ತರುತ್ತಾನೆ, ಅಂದರೆ 16 ಸಂಖ್ಯೆ. ಸಾಲು ಹಿಡಿದು ಹೋದರೆ ಹದಿನಾರೂ ಉಪಯೋಗಕ್ಕೆ ಬರುತ್ತವೆ. ಕಾಲಂ ಹಿಡಿದರೆ ಒಂದನ್ನು ಬಳಸಿ ಹದಿನೈದನ್ನು ಎಸೆದ ಹಾಗೆ. ಒಂದು ಎಚ್ಚರ: ಕೊನೆಗೆ ಮೊತ್ತವನ್ನು ಪ್ರಿಂಟ್ ಮಾಡಿಸಿ. ಇಲ್ಲದಿದ್ದರೆ ಕಂಪೈಲರ್ (ನಾವು ಬರೆದದ್ದನ್ನು ಯಂತ್ರದ ಆದೇಶಗಳಾಗಿ ಬದಲಿಸುವ ತಂತ್ರಾಂಶ) ಜಾಣತನ ತೋರಿಸಿ, ಯಾರಿಗೂ ಬೇಡದ ಲೆಕ್ಕ ಅಂತ ಪೂರ್ತಿ ಲೂಪನ್ನೇ ತೆಗೆದುಹಾಕಬಹುದು.

ಲ್ಯಾಪ್‌ಟಾಪ್ ಇಲ್ಲ ಅಂತ ಯಾರೂ ಹಿಂದೆ ಉಳಿಯಬೇಕಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಅನ್ನುವ ಆ್ಯಪ್ ಹಾಕಿಕೊಂಡು ಕ್ಲ್ಯಾಂಗ್ ಕಂಪೈಲರ್ ಇಳಿಸಿಕೊಂಡರೆ ಇದೇ ಪ್ರಯೋಗ ಕೈಯಲ್ಲೇ ಆಗುತ್ತದೆ. ನಮ್ಮ ಹುಡುಗರಲ್ಲಿ ಬಹಳ ಜನ ಹಾಗೇ ಮಾಡುವುದು, ಬಸ್ಸಿನಲ್ಲಿ ಕೂತು.

ಖಾನಾವಳಿಯ ಪೈಪ್‌ಲೈನ್

ಇದಕ್ಕೆ ಲ್ಯಾಬ್ ಬೇಡ. ಊಟದ ಹೊತ್ತಿಗೆ ಯಾವುದಾದರೂ ಖಾನಾವಳಿಗೆ ಹೋಗಿ, ಒಲೆ ಕಾಣುವ ಕಡೆ ಕೂರಿ. ಒಬ್ಬರು ಹಿಟ್ಟು ನಾದಿ ಕೊಡುತ್ತಾರೆ, ಒಬ್ಬರು ಬಡಿಯುತ್ತಾರೆ, ಒಬ್ಬರು ಹಂಚಿನ ಮೇಲೆ ಬೇಯಿಸುತ್ತಾರೆ. ಒಂದೊಂದಕ್ಕೆ ಒಂದು ನಿಮಿಷ ಅಂತ ಇಟ್ಟುಕೊಳ್ಳಿ. ಒಬ್ಬರೇ ಒಂದಾದ ಮೇಲೊಂದು ಮಾಡಿದರೆ 30 ರೊಟ್ಟಿಗೆ 90 ನಿಮಿಷ. ಮೂವರು ಕೂತರೆ 32 ನಿಮಿಷ. ಒಂದು ರೊಟ್ಟಿ ಆಗಲು ಈಗಲೂ ಮೂರು ನಿಮಿಷವೇ ಬೇಕು. ಆದರೆ ನಿಮಿಷಕ್ಕೊಂದು ಬೀಳುತ್ತದೆ.

ಪುಸ್ತಕದ ಪೈಪ್‌ಲೈನ್ ಪಾಠ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಮಜಾ ಇರುವುದು ಮುಂದೆ. ನಿಮ್ಮ ತಾಟಿನಲ್ಲಿ ಎಣ್ಣೆಗಾಯಿ ಇನ್ನೂ ಉಳಿದಿರುತ್ತದೆ. ಅಕ್ಕ ಒಮ್ಮೆ ನೋಡಿ, ಇನ್ನೊಂದು ರೊಟ್ಟಿ ಕೇಳೇ ಕೇಳ್ತಾರೆ ಅಂತ ಹಂಚಿಗೆ ಹಾಕಿಬಿಡುತ್ತಾರೆ. ನೀವು ಬಾಯಿ ಬಿಡುವ ಮೊದಲೇ. ಪ್ರೊಸೆಸರ್ ಕೂಡ ಹೀಗೇ. 'ಸೊನ್ನೆ ಇದ್ದರೆ ಜಿಗಿ' ಅಂತ ಬಂದಾಗ ಸೊನ್ನೆ ಇದೆಯೋ ಇಲ್ಲವೋ ತಿಳಿಯುವವರೆಗೆ ಸುಮ್ನೆ ಕೂರುವುದಿಲ್ಲ. ಹಿಂದೆ ಏನಾಗಿತ್ತು ನೋಡಿ, ಒಂದು ಊಹೆ ಮಾಡಿ ಮುಂದಿನ ಕೆಲಸ ಶುರು ಮಾಡುತ್ತದೆ. ಊಹೆ ತಪ್ಪಿದರೆ ಮಾಡಿದ್ದನ್ನು ಎಸೆಯುತ್ತದೆ. ಖಾನಾವಳಿಯಲ್ಲಿ ಆ ರೊಟ್ಟಿ ನಾಳೆ ಖಡಕ್ ರೊಟ್ಟಿಯಾಗಿ ಮಾರಾಟ ಆಗುತ್ತದೆ. ಚಿಪ್ಪಿಗೆ ಆ ಅನುಕೂಲ ಇಲ್ಲ.

ರೊಟ್ಟಿ ತೆಗೆದರೂ ಹಂಚಿನ ಬಿಸಿ ಉಳಿಯುತ್ತದೆ. ಹಂಚು ಮುಟ್ಟಿ ನೋಡಿದವನಿಗೆ ಈಗಷ್ಟೇ ಇಲ್ಲಿ ಏನೋ ಬೆಂದಿತ್ತು ಅಂತ ಗೊತ್ತಾಗುತ್ತದೆ. 2018ರ ಜನವರಿಯಲ್ಲಿ ಹೊರಬಂದ ಸ್ಪೆಕ್ಟರ್ ಅನ್ನುವ ದೋಷ ಇದೇ. ತಪ್ಪು ಊಹೆಯ ಕೆಲಸವನ್ನು ಪ್ರೊಸೆಸರ್ ಎಸೆದಿತ್ತು, ಆದರೆ ಆ ಕೆಲಸಕ್ಕೆ ಅಂತ ತಂದ ಸಾಮಾನಿನ ಗುರುತು ಕ್ಯಾಶ್‌ನಲ್ಲಿ ಉಳಿದಿತ್ತು. ಯಾವ ವಿಳಾಸ ಬೇಗ ಬರುತ್ತದೆ, ಯಾವುದು ತಡ ಅಂತ ಹೊತ್ತು ಅಳೆದೇ ಬೇರೆಯವರ ಗುಟ್ಟು ಓದಬಹುದು ಅಂತ ತೋರಿಸಿದರು. ಇದನ್ನು ಹುಡುಗರಿಗೆ ಹೇಳಿದ ದಿನ ಗಂಟೆ ಬಾರಿಸಿದರೂ ಯಾರೂ ಎದ್ದು ಹೋಗುವುದಿಲ್ಲ.

ಪೈಪ್‌ಲೈನನ್ನು ಕಣ್ಣಿಂದ ನೋಡಬೇಕು ಅಂದರೆ ರೈಪ್ಸ್ ಅನ್ನುವ ತಂತ್ರಾಂಶ ಇಳಿಸಿಕೊಳ್ಳಿ, ಪುಕ್ಕಟೆ ಸಿಗುತ್ತದೆ. ರಿಸ್ಕ್-ಫೈವ್ ಅನ್ನುವ ಬಗೆಯ ಪ್ರೊಸೆಸರ್‌ನ ಆದೇಶಗಳು ಒಂದೊಂದು ಹಂತ ದಾಟುವುದು, ಕ್ಯಾಶ್‌ನಲ್ಲಿ ಸಿಕ್ಕಿದ್ದು, ತಪ್ಪಿದ್ದು ಎಲ್ಲ ಬಣ್ಣದಲ್ಲಿ ಕಾಣುತ್ತದೆ. ನಮ್ಮ ಚೀಲದ ಪ್ರೋಗ್ರಾಮನ್ನೇ ಅದರಲ್ಲಿ ಬರೆಯಿರಿ. ಹೊಸದೇನೂ ಬೇಡ.

ಮುಂದೆ ಏನು ಬರುತ್ತದೆ ಅಂತ ಕೇಳುವವರಿಗೆ

ಪಾಲಕರು ಕೇಳುತ್ತಾರೆ, 'ಸರ್, ಪ್ರೊಸೆಸರ್ ಪ್ರತಿ ವರ್ಷ ಬದಲಾಗ್ತದಲ್ರಿ, ಇವತ್ತು ಕಲಿತದ್ದು ನಾಳೆಗೆ ಹಳೇದಾಗೂದಿಲ್ಲೇನು?' ನಾನು ಎರಡು ಸಂಖ್ಯೆ ಹೇಳುತ್ತೇನೆ. 1971ರ ಇಂಟೆಲ್ 4004ರಲ್ಲಿ ಸುಮಾರು 2,300 ಟ್ರಾನ್ಸಿಸ್ಟರ್, ಅಂದರೆ ಚಿಪ್ಪಿನೊಳಗಿನ ಪುಟ್ಟ ಸ್ವಿಚ್. 2020ರ ಆ್ಯಪಲ್ ಎಂ1ರಲ್ಲಿ 1,600 ಕೋಟಿ. ಇದು ಬದಲಾದದ್ದು. ಬದಲಾಗದೇ ನಿಂತದ್ದೂ ಒಂದಿದೆ. 2004ರಲ್ಲೇ ಪೆಂಟಿಯಂ 4ರ ವೇಗ 3.8 ಗಿಗಾಹರ್ಟ್ಸ್ ಮುಟ್ಟಿತ್ತು. ಇಪ್ಪತ್ತು ವರ್ಷ ಆದ ಮೇಲೂ ಅಂಗಡಿಯ ಪ್ರೊಸೆಸರ್‌ಗಳು ಅದರ ಒಂದೂವರೆ ಪಟ್ಟಿನ ಹತ್ತಿರವೇ ಸುಳಿದಾಡುತ್ತಿವೆ.

ಕಾರಣ ಬಿಸಿ. ಟ್ರಾನ್ಸಿಸ್ಟರ್ ಸಣ್ಣದಾದಂತೆ ಅದಕ್ಕೆ ಬೇಕಾದ ವೋಲ್ಟೇಜೂ ಇಳಿಯುತ್ತದೆ, ಹಾಗಾಗಿ ಅಷ್ಟೇ ಜಾಗದ ಬಿಸಿ ಏರುವುದಿಲ್ಲ ಅಂತ 1974ರಲ್ಲಿ ರಾಬರ್ಟ್ ಡೆನ್ನಾರ್ಡ್ ಮತ್ತು ಜೊತೆಯವರು ತೋರಿಸಿದ್ದರು. ಮೂವತ್ತು ವರ್ಷ ಅದು ನಡೆಯಿತು. ಆಮೇಲೆ ವೋಲ್ಟೇಜ್ ಇಳಿಯುವುದು ನಿಂತಿತು, ಚಿಪ್ ಸುಡತೊಡಗಿತು. ಮೇ ತಿಂಗಳಲ್ಲಿ 43 ಡಿಗ್ರಿಯಲ್ಲಿ ಲ್ಯಾಬ್ ನಡೆಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫ್ಯಾನ್ ಗಾಳಿಯೇ ಬಿಸಿ ಇದ್ದಾಗ ಪ್ರೊಸೆಸರ್ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಬೆಳಿಗ್ಗೆ ಎಂಟಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಒಂದೇ ಪ್ರೋಗ್ರಾಂ ಓಡಿಸಿ ಹೊತ್ತು ಬರೆದಿಡಿ.

ಬಿಸಿಯ ದೊಡ್ಡ ಪಾಲು ಎಲ್ಲಿಂದ ಬರುತ್ತದೆ? ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಹೊರೊವಿಟ್ಜ್ 2014ರಲ್ಲಿ ಕೊಟ್ಟ ಅಂದಾಜು ಹೀಗಿದೆ. 45 ನ್ಯಾನೋಮೀಟರ್ (ಈ ಅಂಕಿ ಸಣ್ಣದಾದಷ್ಟೂ ತಯಾರಿಕೆಯ ತಂತ್ರ ಹೊಸದು) ಚಿಪ್ಪಿನಲ್ಲಿ ಎರಡು 32 ಬಿಟ್ ಪೂರ್ಣಾಂಕ ಕೂಡಿಸಲು 0.1 ಪಿಕೋಜೂಲ್ ಶಕ್ತಿ. ಅದೇ ಸಂಖ್ಯೆಯನ್ನು ಹೊರಗಿನ ಮೆಮೊರಿಯಿಂದ ತರಲು ಅದರ ಸಾವಿರಾರು ಪಟ್ಟು. ಅಪ್ಪನ ಪಟ್ಟಿಯಲ್ಲಿ ಇದ್ದದ್ದೂ ಇದೇ. ಲೆಕ್ಕ ಪುಕ್ಕಟೆ, ಎತ್ತಿ ಇಡುವುದು ತುಟ್ಟಿ.

ಇದು ತಲೆಯಲ್ಲಿದ್ದರೆ ಹೊಸ ಚಿಪ್ಪಿನ ಸುದ್ದಿ ಓದುವುದು ಸುಲಭ. ಹಮಾಲಿ ಎಲ್ಲಿ ಉಳಿಸಿದರು ಅಂತ ಹುಡುಕಿದರೆ ಸಾಕು. ಮೆಮೊರಿಯನ್ನು ಅಂತಸ್ತಿನ ಮೇಲೆ ಅಂತಸ್ತು ಕಟ್ಟಿ ಪ್ರೊಸೆಸರ್ ಪಕ್ಕದಲ್ಲೇ ಕೂರಿಸುತ್ತಾರೆ, ಅಂದರೆ ಗೋದಾಮನ್ನೇ ಅಂಗಡಿ ಹತ್ತಿರ ತಂದರು. ಎಐ ಲೆಕ್ಕಕ್ಕೆ ಅಂತ ಗೂಗಲ್ ಮಾಡಿದ ಟಿಪಿಯುವಿನ ಮೊದಲ ಚಿಪ್ಪಿನಲ್ಲಿ 65,536 ಗುಣಾಕಾರದ ಘಟಕಗಳನ್ನು 256ಕ್ಕೆ 256ರಂತೆ ಸಾಲಾಗಿ ನಿಲ್ಲಿಸಿದ್ದಾರೆ. ಒಮ್ಮೆ ತಂದ ಸಂಖ್ಯೆ ಮೆಮೊರಿಗೆ ವಾಪಸ್ ಹೋಗದೆ ಕೈಯಿಂದ ಕೈಗೆ ದಾಟುತ್ತದೆ. ಕಲ್ಲಂಗಡಿ ಲಾರಿ ಇಳಿಸುವವರು ಸಾಲಾಗಿ ನಿಂತು ಎಸೆದು ಹಿಡಿಯುತ್ತಾರಲ್ಲ, ಹಾಗೆ. ಇನ್ನು ಕೆಲವರು ಮೆಮೊರಿಯ ಒಳಗೇ ಲೆಕ್ಕ ಮಾಡಿಸಲು ನೋಡುತ್ತಿದ್ದಾರೆ. ಲೆಕ್ಕದವನನ್ನೇ ಪೆಟ್ಟಿಗೆಗಳ ನಡುವೆ ಕೂರಿಸುವುದು. ನಮ್ಮ ವರಾಂಡದಲ್ಲಿ ಅದನ್ನೂ ಆಡಿಸಿ ನೋಡಿದೆ. ಹಮಾಲನಿಗೆ ಖುಷಿಯೋ ಖುಷಿ. ಕಟ್ಟೆ ಇಕ್ಕಟ್ಟಾಗಿ ಮೂರು ಪೆಟ್ಟಿಗೆ ಕೆಳಗೆ ಬಿದ್ದವು.

ನಮ್ಮ ದೇಶದ ಕೆಲಸದ ಬಗ್ಗೆ ಒಂದು ಮಾತು. ರಿಸ್ಕ್-ಫೈವ್ 2010ರಲ್ಲಿ ಬರ್ಕ್ಲಿಯಲ್ಲಿ ಶುರುವಾಯಿತು. ಅದರ ಆದೇಶಗಳ ಪಟ್ಟಿಗೆ ಯಾರೂ ರಾಯಲ್ಟಿ ಕೊಡಬೇಕಿಲ್ಲ. ಐಐಟಿ ಮದ್ರಾಸಿನ ಶಕ್ತಿ, ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ ವೇಗಾ ಪ್ರೊಸೆಸರ್‌ಗಳು ಇದರ ಮೇಲೇ ಕಟ್ಟಿದವು. ರಾಕೆಟ್‌ಗೆ ಅಂತ ಇಸ್ರೊ ಮಾಡಿಸಿದ ವಿಕ್ರಮ್ 3201 ಮಾತ್ರ ತನ್ನದೇ ಆದೇಶಗಳ ಪಟ್ಟಿ ಇಟ್ಟುಕೊಂಡಿದೆ. 2025ರಲ್ಲಿ ಬಂದ ಆ 32 ಬಿಟ್ ಚಿಪ್ ಚಂಡೀಗಢದ ಪಕ್ಕದ ಮೊಹಾಲಿಯಲ್ಲಿ 180 ನ್ಯಾನೋಮೀಟರ್‌ನಲ್ಲಿ ತಯಾರಾಯಿತು. ಇಷ್ಟು ಹಳೇ ತಂತ್ರವಾ ಅಂತ ಮೂಗು ಮುರಿದವರಿದ್ದಾರೆ. ರಾಕೆಟ್ ರೀಲ್ಸ್ ನೋಡುವುದಿಲ್ಲ ಅಂತ ನಾನು ಹೇಳುತ್ತೇನೆ. ಅದಕ್ಕೆ ನಂಬಿಕೆ ಬೇಕು, ವೇಗ ಆಮೇಲೆ. ಹುಡುಗರಿಗೆ ಸಿ-ಡ್ಯಾಕ್‌ನ ಏರೀಸ್ ಬೋರ್ಡ್ ಕೊಡಿಸಲು ಆದರೆ ಕೊಡಿಸಿ. ಅದರಲ್ಲಿ ತೇಜಸ್32 ಚಿಪ್ ಇದೆ. 8085 ಕಿಟ್ ಆದ ಮೇಲೆ ನೇರ ಅದಕ್ಕೆ ಹೋಗಬಹುದು, ನಡುವೆ ಅದರ ಮುಂದಿನ ಚಿಪ್ 8086ರಲ್ಲಿ ಒಂದು ಸೆಮಿಸ್ಟರ್ ಕಳೆಯುವುದು ನನಗಂತೂ ದಂಡ ಅನಿಸುತ್ತದೆ.

ಒಂದು ಲೆಕ್ಕ ಬಾಕಿ

ಕಡ್ಡಿಪೆಟ್ಟಿಗೆಗಳನ್ನು ಎತ್ತಿಡುವ ಮೊದಲು 17ನೇ ಪೆಟ್ಟಿಗೆಯಲ್ಲಿ 3ರ ಬದಲು 0 ಹಾಕಿ ಮೊದಲ ಪ್ರೋಗ್ರಾಂ ಆಡಿಸಿ. ರೈತ ಒಂದೂ ಚೀಲ ತಂದಿಲ್ಲ. ಯಂತ್ರ ಮೊದಲು 50 ಕೂಡಿಸುತ್ತದೆ, ಆಮೇಲೆ ಸೊನ್ನೆಯಲ್ಲಿ 1 ಕಳೆಯುತ್ತದೆ. ಮೈನಸ್ 1, ಮೈನಸ್ 2, ಹೀಗೆ ಹೋಗುತ್ತಲೇ ಇರುತ್ತದೆ, ಸೊನ್ನೆ ಮತ್ತೆ ಸಿಗುವುದೇ ಇಲ್ಲ. ನಮ್ಮ ಹಮಾಲ ಒಮ್ಮೆ ಏಳು ಸುತ್ತು ಓಡಿ, 'ಸರ್ರ, ಇದು ಮುಗಿಯೂದಿಲ್ಲ ಕಾಣ್ತದ' ಅಂತ ಚಪ್ಪಲಿ ಹುಡುಕಿಕೊಂಡು ಹೋದ.

ಸರಿಪಡಿಸುವುದು ನಿಮ್ಮ ಕೆಲಸ. ಸೊನ್ನೆ ಇದೆಯಾ ಅಂತ ಕೇಳುವುದನ್ನು ಸುತ್ತಿನ ಕೊನೆಯಿಂದ ಮೊದಲಿಗೆ ತನ್ನಿ. ಅದೇ 11 ಪೆಟ್ಟಿಗೆ ಸಾಕು, ಒಂದೂ ಜಾಸ್ತಿ ಬೇಡ. ಮೂರು ಚೀಲಕ್ಕೆ ಬೀಜ ಮಾತ್ರ 45 ಇದ್ದದ್ದು 49 ಆಗಬೇಕು. ಅದಕ್ಕಿಂತ ಹೆಚ್ಚು ಬಂದರೆ ಮತ್ತೆ ಎಣಿಸಿ.